ದಾರಕ್ಕೆ ಗೊತ್ತಿರುವುದು ಎರಡೇ

ಹೋದ ವರ್ಷ ತಮ್ಮನ ಮನೆಗೆ ಪಾಯದ ಮಾರ್ಕಿಂಗ್ ಮಾಡುವ ದಿನ ನಾನೂ ಸೈಟಿಗೆ ಹೋಗಿದ್ದೆ. 30×40ರ ಸೈಟು. ಬೆಳಿಗ್ಗೆ ಏಳಕ್ಕೆಲ್ಲ ಮೇಸ್ತ್ರಿ ಬಂದರು, ಜೊತೆಗೊಬ್ಬ ಹುಡುಗ. ಮನೆ ಕಟ್ಟುವುದು ಅಂದರೆ ಏನೇನೋ ಸಾಮಾನು ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅವರ ಚೀಲದಿಂದ ಹೊರಬಂದದ್ದು ಇಷ್ಟೇ: ಕೋಲಿಗೆ ಸುತ್ತಿದ ದಾರ, ಒಂದು ಟೇಪು, ಹತ್ತಾರು ಗೂಟ, ಸುತ್ತಿಗೆ, ತೂಕದ ಗುಂಡು, ಹಳೇ ಡಬ್ಬದಲ್ಲಿ ಸುಣ್ಣದ ಪುಡಿ.

"ಸಾರ್, ಆ ತುದಿ ಸ್ವಲ್ಪ ಹಿಡ್ಕೊಳ್ಳಿ" ಅಂದರು. ಹಿಡಿದುಕೊಂಡೆ. "ಇನ್ನೂ ಸ್ವಲ್ಪ ಎಳೀರಿ... ಹಾಂ, ಸಾಕು." ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ ಮಣ್ಣಿನ ಮೇಲೆ ಹಾಲ್, ಅಡುಗೆಮನೆ, ದೇವರಮನೆ, ಎರಡು ರೂಮು ಬಿಳಿ ಗೆರೆಗಳಲ್ಲಿ ಮೂಡಿದ್ದವು. ಒಂದು ಗೆರೆಯೂ ಸೊಟ್ಟ ಇರಲಿಲ್ಲ. ಮೂಲೆಗಳೆಲ್ಲ ಪುಸ್ತಕದ ಮೂಲೆಯ ಹಾಗೆ ಚೌಕವಾಗಿದ್ದವು.

ಅವತ್ತಿನಿಂದ ನನ್ನ ತಲೆಯಲ್ಲಿ ದಾರ ಕೂತುಬಿಟ್ಟಿದೆ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತು. ಗುಂಡಿಯಿಲ್ಲ, ಬ್ಯಾಟರಿಯಿಲ್ಲ, ಬಳಸುವ ವಿಧಾನ ಅಂತ ಚೀಟಿಯೂ ಇಲ್ಲ. ಇಂಥದ್ದರಿಂದ ಇಷ್ಟೊಂದು ಕೆಲಸ ಹೇಗೆ ಹೊರಡುತ್ತದೆ? ಕೂತು ಯೋಚಿಸಿದರೆ ಉತ್ತರ ತುಂಬ ಚಿಕ್ಕದು. ದಾರಕ್ಕೆ ಗೊತ್ತಿರುವುದು ಎರಡೇ ವಿಷಯ. ಒಂದು, ಬಿಗಿಯಾಗಿ ಹಿಡಿದಾಗ ಅದರ ಉದ್ದ ಬದಲಾಗುವುದಿಲ್ಲ. ಇನ್ನೊಂದು, ಅದಕ್ಕೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಉಳಿದದ್ದನ್ನೆಲ್ಲ ಅದು ಹಿಡಿದವರ ಕೈಗೇ ಬಿಟ್ಟುಬಿಡುತ್ತದೆ.

ಮೊದಲನೆಯದನ್ನು ನೋಡೋಣ. ಎರಡು ಗೂಟದ ನಡುವೆ ದಾರ ಎಳೆದರೆ ನೇರ ಗೆರೆ. ಯಾಕೆ ನೇರ? ಎರಡು ಜಾಗದ ನಡುವೆ ಅತಿ ಹತ್ತಿರದ ದಾರಿ ನೇರ ಗೆರೆಯೇ, ಬಿಗಿಯಾದ ದಾರಕ್ಕೆ ಬೇರೆ ದಾರಿ ಹಿಡಿಯಲು ಉದ್ದ ಉಳಿದಿರುವುದಿಲ್ಲ. ಒಂದು ತುದಿ ಗೂಟಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಸುತ್ತು ಬಂದರೆ ವೃತ್ತ. ಬಾವಿ ತೆಗೆಯುವವರು ಬಾಯಿ ಗುರುತಿಸುವುದು ಹೀಗೇ. ಎರಡು ಗೂಟ ನೆಟ್ಟು, ಎರಡಕ್ಕೂ ಸಡಿಲವಾಗಿ ದಾರ ಕಟ್ಟಿ, ಕಡ್ಡಿಯಿಂದ ಬಿಗಿ ಹಿಡಿದು ಸುತ್ತಿದರೆ ಮೊಟ್ಟೆಯ ಹಾಗೆ ಉದ್ದನೆಯ ದುಂಡು ಬರುತ್ತದೆ, ದೀರ್ಘವೃತ್ತ. ಗ್ರಹಗಳು ಸೂರ್ಯನನ್ನು ಸುತ್ತುವುದು ಇದೇ ಆಕಾರದಲ್ಲಿ ಎಂದು ಕೆಪ್ಲರ್ 1609ರಲ್ಲಿ ಹೇಳಿದ. ಆ ಎರಡು ಗೂಟದಲ್ಲಿ ಒಂದರ ಜಾಗದಲ್ಲಿ ಸೂರ್ಯ ಕೂತಿರುತ್ತಾನೆ. ತೋಟದಲ್ಲಿ ಹೂವಿನ ಪಾತಿ ಮಾಡುವವರೂ ಇದೇ ಉಪಾಯ ಮಾಡುತ್ತಾರೆ.

ಮೂಲೆ ಸ್ವಲ್ಪ ಕಷ್ಟ. ನೇರ ಗೆರೆ ಕಣ್ಣಿಗೆ ಕಾಣುತ್ತದೆ, ಆದರೆ ಮೂಲೆ ಸರಿಯಾಗಿ ಚೌಕವಾಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೆರಡು ಡಿಗ್ರಿ ತಪ್ಪಿದರೂ ಆಮೇಲೆ ಟೈಲ್ಸ್ ಹಾಕುವಾಗ ಗೋಡೆ ಪಕ್ಕದಲ್ಲಿ ಹೋಳು ಹೋಳಾಗಿ ಕತ್ತರಿಸಬೇಕಾಗುತ್ತದೆ. ಮೇಸ್ತ್ರಿ ಮಾಡಿದ್ದು ಹೀಗೆ. ಎರಡು ದಾರ ಸೇರುವ ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಈ ಎರಡು ಗುರುತಿನ ನಡುವೆ ಟೇಪು ಹಿಡಿದರು. 5 ಅಡಿ ಬರಬೇಕು. ಒಂದು ಇಂಚು ಜಾಸ್ತಿ ಬಂತು. ಹುಡುಗ ಗೂಟ ಕಿತ್ತು ಸ್ವಲ್ಪ ಈ ಕಡೆ ಹೊಡೆದ. ಮತ್ತೆ ಹಿಡಿದರು. ಸರಿ 5 ಅಡಿ. ಎಲ್ಲ ಮೂಲೆ ಆದಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆದರು. ಎರಡೂ ಒಂದೇ ಬಂದರೆ ಕೆಲಸ ಸರಿ. ನನ್ನ ಕಡೆ ತಿರುಗಿ ತಲೆಯಾಡಿಸಿದರು, ಅಷ್ಟೇ.

3, 4, 5 ಯಾಕೆ? 3ರ ವರ್ಗ 9, 4ರ ವರ್ಗ 16, ಕೂಡಿದರೆ 25, ಅದು 5ರ ವರ್ಗ. ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯ ಅಂತ ಬಾಯಿಪಾಠ ಮಾಡಿದ್ದು. ಅದನ್ನು ಕಲಿತ ದಿನ ಯಾರಾದರೂ ಒಂದು ದಾರ ಕೊಟ್ಟು ಅಂಗಳಕ್ಕೆ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಈ ದಾರದ ಗಣಿತ ನಮ್ಮ ನೆಲದಲ್ಲಿ ತುಂಬಾ ಹಳೆಯದು. ಯಜ್ಞದ ವೇದಿ ಕಟ್ಟುವವರಿಗಾಗಿ ಬರೆದ ಶುಲ್ಬಸೂತ್ರಗಳು ಅಂತ ಇವೆ. ಶುಲ್ಬ ಅಂದರೆ ಹಗ್ಗ. ಹೆಸರಲ್ಲೇ ಹಗ್ಗ ಇರುವ ಗಣಿತದ ಪುಸ್ತಕಗಳು! ಬೌಧಾಯನನ ಶುಲ್ಬಸೂತ್ರ ಇವುಗಳಲ್ಲಿ ತುಂಬ ಹಳೆಯದು. ಇನ್ನೊಬ್ಬ ಶುಲ್ಬಸೂತ್ರಕಾರ ಆಪಸ್ತಂಬ ಹೇಳುವ ಒಂದು ವಿಧಾನ ನನಗೆ ಬಹಳ ಇಷ್ಟ. ಮಹಾವೇದಿಯ ಪೂರ್ವ ಪಶ್ಚಿಮ ಗೆರೆ 36 ಅಳತೆ ಉದ್ದ. ಅದರ ಎರಡು ತುದಿಗೆ ಎರಡು ಗೂಟ. ಈಗ 36ಕ್ಕೆ ಅದರ ಅರ್ಧ 18 ಸೇರಿಸಿ 54 ಉದ್ದದ ಹಗ್ಗ ತೆಗೆದುಕೊಳ್ಳಬೇಕು. ಪಶ್ಚಿಮದ ತುದಿಯಿಂದ 15ಕ್ಕೆ ಒಂದು ಗುರುತು. ಹಗ್ಗದ ಎರಡು ತುದಿಯನ್ನು ಎರಡು ಗೂಟಕ್ಕೆ ಕಟ್ಟಿ, ಆ ಗುರುತನ್ನು ಹಿಡಿದು ಪಕ್ಕಕ್ಕೆ ಬಿಗಿಯಾಗಿ ಎಳೆಯಬೇಕು. ಆಗ ಪಶ್ಚಿಮದ ಗೂಟದಲ್ಲಿ ತಾನಾಗಿ ಚೌಕ ಮೂಲೆ ಬಂದು ನಿಲ್ಲುತ್ತದೆ. ಹಗ್ಗದ ಒಂದು ಭಾಗ 15, ಉಳಿದದ್ದು 39, ನೆಲದ ಗೆರೆ 36. ಲೆಕ್ಕ ಹಾಕಿ ನೋಡಿ: 225 ಮತ್ತು 1296 ಸೇರಿದರೆ 1521, ಅದು 39ರ ವರ್ಗ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಹಗ್ಗ ಎಳೆಯುವವನು ಲೆಕ್ಕ ಮಾಡಬೇಕಾಗಿಯೇ ಇಲ್ಲ. ಲೆಕ್ಕವನ್ನು ಗುರುತಿನ ರೂಪದಲ್ಲಿ ಹಗ್ಗದಲ್ಲೇ ಇಟ್ಟಾಗಿದೆ. ಎಳೆದರೆ ಉತ್ತರ ನೆಲದ ಮೇಲೆ ಬೀಳುತ್ತದೆ.

ಸೂತ್ರ ಎಂಬ ಪದವನ್ನೇ ನೋಡಿ. ಮೂಲ ಅರ್ಥ ದಾರ. ಗಣಿತದ ಸೂತ್ರವೂ ಅದೇ, ಗಾಳಿಪಟಕ್ಕೆ ಕಟ್ಟುವ ಸೂತ್ರವೂ ಅದೇ, ಗೊಂಬೆ ಆಡಿಸುವ ಸೂತ್ರವೂ ಅದೇ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 8ನೇ ಶತಮಾನದ್ದು. ಅಲ್ಲಿನ ಶಾಸನದಲ್ಲಿ ಗುಡಿ ಕಟ್ಟಿದ ಆಚಾರಿಯನ್ನು ಸೂತ್ರಧಾರಿ ಎಂದು ಕರೆದಿದ್ದಾರೆ. ದಾರ ಹಿಡಿದವನು. ಅಷ್ಟು ದೊಡ್ಡ ಕಲ್ಲಿನ ಗುಡಿ ಕಟ್ಟಿದವನಿಗೆ ಉಳಿಯ ಹೆಸರೂ ಇಲ್ಲ, ಸುತ್ತಿಗೆಯ ಹೆಸರೂ ಇಲ್ಲ, ದಾರದ ಹೆಸರು. ಉಳಿ ಹಿಡಿಯುವವರು ನೂರು ಜನ ಇದ್ದಿರಬಹುದು. ಎಲ್ಲಿ ಏನು ಬರಬೇಕು ಅನ್ನುವುದನ್ನು ಹೇಳುತ್ತಿದ್ದದ್ದು ದಾರ.

ಇದೇ ದಾರಕ್ಕೆ ಒಂದು ಭಾರ ಕಟ್ಟಿದರೆ ತೂಕದ ಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಇದಕ್ಕಿಂತ ಸುಲಭದ ಸಾಧನ ಇನ್ನೂ ಹುಟ್ಟಿಲ್ಲ ಅಂತ ನನ್ನ ಭಾವನೆ. ದಾರ ಭೂಮಿ ಎಳೆಯುವ ದಿಕ್ಕನ್ನು ತೋರಿಸುತ್ತದೆ. ಇಲ್ಲೊಂದು ಮಜಾ ಇದೆ. ಭೂಮಿ ಗುಂಡಗಿರುವುದರಿಂದ ದೂರ ದೂರ ಇಳಿಬಿಟ್ಟ ಎರಡು ಗುಂಡಿನ ದಾರಗಳು ಒಂದಕ್ಕೊಂದು ಸಮಾನಾಂತರವಾಗಿರುವುದಿಲ್ಲ. ಎರಡೂ ಭೂಮಿಯ ನಡುಭಾಗಕ್ಕೆ ಕೈ ತೋರಿಸುತ್ತವೆ. ನ್ಯೂಯಾರ್ಕಿನಲ್ಲಿ 1964ರಲ್ಲಿ ಸಂಚಾರಕ್ಕೆ ತೆರೆದ ವೆರಾಜಾನೋ ನ್ಯಾರೋಸ್ ತೂಗುಸೇತುವೆಯ ಎರಡು ಗೋಪುರಗಳ ನಡುವೆ ಸುಮಾರು 1,300 ಮೀಟರ್ ಅಂತರ. ಎರಡೂ ಗೋಪುರ ನೆಟ್ಟಗೆ ನಿಂತಿವೆ. ಆದರೂ ಬುಡಕ್ಕಿಂತ ತುದಿಯಲ್ಲಿ ಅವುಗಳ ಅಂತರ ನಾಲ್ಕು ಸೆಂಟಿಮೀಟರಿನಷ್ಟು ಜಾಸ್ತಿ. ಎರಡು ದಾರ, ಎರಡು ಗುಂಡು ಇದ್ದರೆ ಭೂಮಿ ಗುಂಡಗಿದೆ ಅನ್ನುವುದು ಲೆಕ್ಕದಲ್ಲಿ ಸಿಕ್ಕಿಬಿಡುತ್ತದೆ!

ಇಲ್ಲಿಯವರೆಗೆ ಬಂದದ್ದನ್ನು ಒಮ್ಮೆ ತಿರುಗಿ ನೋಡಿ. ದಾರದ ಜೊತೆ ಗೂಟ ಸೇರಿದರೆ ಕೈವಾರ. ಭಾರ ಸೇರಿದರೆ ಗೋಡೆ ನೋಡುವ ಗುಂಡು. ಬಣ್ಣ ಹಚ್ಚಿ ಹಲಗೆಯ ಮೇಲೆ ಬಿಗಿದು ಮೀಟಿದರೆ ಬಡಗಿಗೆ ಕುಯ್ಯುವ ಗೆರೆ. ಎರಡು ಕೈಯಲ್ಲಿ ಬಿಗಿಹಿಡಿದರೆ ಕುಂಬಾರನಿಗೆ ತಿಗುರಿಯಿಂದ ಹಸಿ ಮಡಕೆ ಬಿಡಿಸುವ ಕತ್ತಿ. ದಾರಕ್ಕೆ ಎರಡು ತುದಿ, ಎರಡೂ ಖಾಲಿ. ಯಾವುದನ್ನು ಬೇಕಾದರೂ ಕಟ್ಟಬಹುದು. ಒಂದೊಂದು ಜೊತೆ ಸಿಕ್ಕಾಗಲೂ ಅದು ಬೇರೆಯದೇ ಸಾಧನ ಆಗುತ್ತದೆ. ಸರಳ ಸಾಧನದ ಗುಟ್ಟು ಇರುವುದು ಇಲ್ಲೇ. ನಮ್ಮ ಮನೆಯಲ್ಲಿ ಬಾಳೆಕಾಯಿ ಚಿಪ್ಸ್ ಹೆಚ್ಚಲು ಅಂತಲೇ ಒಂದು ಯಂತ್ರ ತಂದಿದ್ದೆವು. ಚಿಪ್ಸ್ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಚಿಪ್ಸ್ ಬಿಟ್ಟು ಬೇರೇನೂ ಮಾಡುವುದಿಲ್ಲ, ಯಾಕೆಂದರೆ ಏನು ಮಾಡಬೇಕು ಅನ್ನುವುದನ್ನು ಅದನ್ನು ತಯಾರಿಸಿದವರೇ ನಿರ್ಧರಿಸಿ ಕಳಿಸಿದ್ದಾರೆ. ಅದೇ ಅಡುಗೆಮನೆಯ ಈಳಿಗೆಮಣೆ ಸೊಪ್ಪು ಹೆಚ್ಚುತ್ತದೆ, ಹಲಸಿನಕಾಯಿ ಸೀಳುತ್ತದೆ, ತುದಿಯಲ್ಲಿ ತೆಂಗಿನಕಾಯಿ ತುರಿಯುತ್ತದೆ.

ಹಾಗಂತ ಸರಳವಾದದ್ದೇ ಎಲ್ಲಕ್ಕೂ ಮೇಲು ಅಂತ ನಾನು ಹೇಳುವುದಿಲ್ಲ. ಹತ್ತು ಮಹಡಿ ಕಟ್ಟುವವರಿಗೆ ದಾರ ಸಾಲುವುದಿಲ್ಲ. ನಮ್ಮ ಮೇಸ್ತ್ರಿಯ ಹತ್ತಿರವೂ ಟೈಲ್ಸ್ ಕೆಲಸಕ್ಕೆ ಲೇಸರ್ ಇದೆ, ಸಂತೋಷದಿಂದ ಬಳಸುತ್ತಾರೆ. ಇನ್ನೊಂದು ಮಾತೂ ಇದೆ. ದಾರ ನಮ್ಮ ಕೈಗೆ ಎಷ್ಟು ಬಿಡುತ್ತದೋ ಅಷ್ಟನ್ನು ನಾವು ಕಲಿಯಬೇಕು. ಅವತ್ತು ನಾನು ದಾರ ಹಿಡಿದಾಗ ಗೂಟಕ್ಕೆ ತಾಗಿಸಿ ಹಿಡಿದಿದ್ದೆ. ಮೇಸ್ತ್ರಿ ಬಂದು ನನ್ನ ಬೆರಳನ್ನು ಅರ್ಧ ಇಂಚು ಸರಿಸಿ, "ದಾರಕ್ಕೆ ಏನೂ ತಾಗಬಾರದು ಸಾರ್" ಅಂದರು. ನಡುವೆ ಒಂದು ಕಲ್ಲು ತಾಗಿದರೂ ಗೆರೆ ಅಲ್ಲಿಂದ ಮುರಿಯುತ್ತದೆ. ಇದನ್ನು ದಾರ ತಾನಾಗಿ ಹೇಳುವುದಿಲ್ಲ.

ಈಗ ದಾರದ ಒಂದು ದೋಷಕ್ಕೆ ಬರೋಣ. ಅಡ್ಡಲಾಗಿ ಕಟ್ಟಿದ ದಾರ ಎಷ್ಟೇ ಬಿಗಿ ಮಾಡಿದರೂ ಪೂರ್ತಿ ನೆಟ್ಟಗಾಗುವುದಿಲ್ಲ. ನಡುವೆ ಚೂರು ಜೋತುಬೀಳುತ್ತದೆ. ಕಾರಣ ಇಷ್ಟೇ: ದಾರದ ಭಾರ ಕೆಳಕ್ಕೆ, ನಾವು ಎಳೆಯುವುದು ಅಡ್ಡಕ್ಕೆ. ಅಡ್ಡ ಎಳೆತ ಕೆಳಗಿನ ಭಾರವನ್ನು ಹೊರಬೇಕಾದರೆ ದಾರ ಎಳ್ಳಷ್ಟಾದರೂ ಇಳಿಜಾರಾಗಲೇಬೇಕು. ಉದ್ದನೆಯ ಗೋಡೆ ಕಟ್ಟುವಾಗ ನಡುವೆ ಒಂದು ಇಟ್ಟಿಗೆ ಇಟ್ಟು ದಾರಕ್ಕೆ ಆಸರೆ ಕೊಡುವುದು ಇದಕ್ಕೇ.

ಈ ಜೋತುಬೀಳುವ ದೋಷದಿಂದಲೇ ಕಟ್ಟಡ ಕಟ್ಟುವ ಒಂದು ದೊಡ್ಡ ಉಪಾಯ ಹುಟ್ಟಿತು. 1675ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಂದು ಲ್ಯಾಟಿನ್ ವಾಕ್ಯವನ್ನು ಅಕ್ಷರ ಕಲೆಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ. ತನ್ನ ಶೋಧವನ್ನು ಬೇರೆಯವರು ತಮ್ಮದು ಅನ್ನಬಾರದು, ಆದರೆ ಗುಟ್ಟೂ ಬಿಟ್ಟುಕೊಡಬಾರದು, ಅದಕ್ಕೆ. ಅವನು ತೀರಿಕೊಂಡ ಮೇಲೆ ಒಗಟು ಬಿಡಿಸಿ ಪ್ರಕಟಿಸಿದರು. ಅದರ ಸಾರಾಂಶ: ಬಾಗುವ ಸರ ಹೇಗೆ ನೇತಾಡುತ್ತದೋ, ಅದನ್ನು ತಲೆಕೆಳಗು ಮಾಡಿದರೆ ಗಟ್ಟಿ ಕಮಾನು ಹಾಗೇ ನಿಲ್ಲುತ್ತದೆ.

ಇದು ಅರ್ಥವಾಗಲು ದಾರಕ್ಕೆ ಗೊತ್ತಿರುವ ಎರಡನೇ ವಿಷಯ ಬೇಕು. ದಾರ ಎಳೆಯುತ್ತದೆ, ತಳ್ಳುವುದಿಲ್ಲ. ಆದ್ದರಿಂದ ನೇತಾಡುವ ದಾರದ ಪ್ರತಿ ತುಣುಕಿನಲ್ಲೂ ಬರೀ ಎಳೆತ ಇರುತ್ತದೆ. ಬೇರೆ ಯಾವ ಬಲವೂ ಉಳಿಯದ ಆಕಾರವನ್ನು ಅದು ತಾನೇ ಹುಡುಕಿಕೊಂಡು ನಿಂತಿರುತ್ತದೆ. ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವೆಲ್ಲ ಒತ್ತಡ ಆಗುತ್ತದೆ. ಕಲ್ಲು, ಇಟ್ಟಿಗೆಗಳ ಸ್ವಭಾವ ದಾರಕ್ಕೆ ಸರಿಯಾಗಿ ಉಲ್ಟಾ. ಎಳೆದರೆ ಬಿಟ್ಟುಕೊಳ್ಳುತ್ತವೆ, ಒತ್ತಿದರೆ ಗಟ್ಟಿ ನಿಲ್ಲುತ್ತವೆ. ದಾರ ಮೆಚ್ಚಿದ ಆಕಾರ ಕಲ್ಲಿಗೂ ಒಪ್ಪುತ್ತದೆ, ತಿರುಗಿಸಬೇಕು ಅಷ್ಟೇ.

ಇದನ್ನು ಎಲ್ಲರಿಗಿಂತ ಪ್ರೀತಿಯಿಂದ ಬಳಸಿದವನು ಸ್ಪೇನಿನ ಆಂಟೋನಿ ಗೌಡಿ. ಬಾರ್ಸಿಲೋನಾ ಹತ್ತಿರದ ಕೊಲೋನಿಯಾ ಗ್ವೆಲ್ ಎಂಬಲ್ಲಿ ಚರ್ಚು ಕಟ್ಟುವ ಕೆಲಸ 1898ರಲ್ಲಿ ಅವನಿಗೆ ಬಂತು. ಅವನು ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕೂರಲಿಲ್ಲ. ಚಾವಣಿಯಿಂದ ದಾರಗಳನ್ನು ಇಳಿಬಿಟ್ಟ. ದಾರಕ್ಕೆ ದಾರ ಕಟ್ಟಿದ. ಗೋಡೆ, ಗೋಪುರಗಳ ಭಾರಕ್ಕೆ ತಕ್ಕಂತೆ ಸೀಸದ ಗುಂಡು ತುಂಬಿದ ಪುಟ್ಟ ಪುಟ್ಟ ಚೀಲಗಳನ್ನು ಅಲ್ಲಲ್ಲಿ ತೂಗುಹಾಕಿದ. ಕಟ್ಟಡದ ಹತ್ತನೇ ಒಂದು ಅಳತೆಯ ಮಾದರಿ, ತಲೆಕೆಳಗಾಗಿ. ಒಂದು ಚೀಲಕ್ಕೆ ನಾಲ್ಕು ಗುಂಡು ಜಾಸ್ತಿ ಹಾಕಿದರೆ ಸುತ್ತಲಿನ ದಾರಗಳೆಲ್ಲ ಕೊಂಚ ಜರುಗಿ ಹೊಸ ಆಕಾರಕ್ಕೆ ಬಂದು ನಿಲ್ಲುತ್ತಿದ್ದವು. ಲೆಕ್ಕವನ್ನೆಲ್ಲ ದಾರಗಳೇ ಮಾಡುತ್ತಿದ್ದವು. ಅದರ ಫೋಟೋ ತೆಗೆದು, ತಲೆಕೆಳಗು ಹಿಡಿದು, ಅದರ ಮೇಲೆ ಚರ್ಚಿನ ಚಿತ್ರ ಬಿಡಿಸುತ್ತಿದ್ದ. ಆ ಚರ್ಚು ಪೂರ್ತಿ ಆಗಲೇ ಇಲ್ಲ, ನೆಲಮಾಳಿಗೆಯ ಭಾಗ ಮಾತ್ರ ಆಯಿತು. ಆದರೆ ಅಲ್ಲಿ ಕಲಿತದ್ದು ಸಗ್ರಾದಾ ಫಮೀಲಿಯಾ ಚರ್ಚಿನ ಕಂಬ ಕಮಾನುಗಳಿಗೆ ಬಂತು.

ನೀವೂ ನೋಡಬಹುದು. ಕೊರಳ ಸರವನ್ನು ಎರಡು ಕೈಯಲ್ಲಿ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಕೈ ಹತ್ತಿರ ತನ್ನಿ, ದೂರ ಒಯ್ಯಿರಿ. ಪ್ರತಿ ಸಲ ಕಾಣುವುದು ಒಂದೊಂದು ಕಮಾನು, ತಲೆಕೆಳಗಾಗಿ.

ಎಳೆಯಲು ಮಾತ್ರ ಬರುತ್ತದೆ ಅನ್ನುವುದು ಕೊರತೆಯ ಹಾಗೆ ಕಾಣುತ್ತದೆ ಅಲ್ವಾ? ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆ ಆಡಿಸುತ್ತಾರೆ, ಕೊಗ್ಗ ಕಾಮತರ ಮನೆತನದವರು. ಗೊಂಬೆಯ ಕೈಗೆ ಕಟ್ಟಿದ ದಾರ ಎಳೆದರೆ ಕೈ ಮೇಲೇಳುತ್ತದೆ. ಕೆಳಗಿಳಿಸಲು ದಾರಕ್ಕೆ ಬರುವುದಿಲ್ಲ. ಬಿಟ್ಟರೆ ಕೈ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಂದರೆ ಗೊಂಬೆಯ ಅರ್ಧ ಚಲನೆ ಆಡಿಸುವವರದು, ಇನ್ನರ್ಧ ಭೂಮಿಯದು. ಆ ಬೀಳುವಿಕೆಯಲ್ಲಿ ನಿಜವಾದ ತೂಕ ಇರುವುದರಿಂದಲೇ ಗೊಂಬೆಗೆ ಜೀವ ಬಂದ ಹಾಗೆ ಕಾಣುವುದು ಅಂತ ನನಗನಿಸುತ್ತದೆ.

ನಮ್ಮ ಕೈಯೂ ಹೀಗೇ. ಎಡಗೈಯಿಂದ ಬಲಗೈಯ ಮುಂಗೈಯನ್ನು, ಮೊಣಕೈಗೆ ಸ್ವಲ್ಪ ಕೆಳಗೆ, ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲಗೈಯ ಬೆರಳುಗಳನ್ನು ಪಿಯಾನೋ ಬಾರಿಸುವ ಹಾಗೆ ಆಡಿಸಿ. ಒಳಗೆ ಏನೋ ಹರಿದಾಡಿದ ಹಾಗೆ ಗೊತ್ತಾಗುತ್ತದೆ. ಬೆರಳು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಅಲ್ಲಿವೆ. ಅಲ್ಲಿಂದ ಬೆರಳ ತುದಿಯವರೆಗೆ ದಾರದಂಥ ಸ್ನಾಯುರಜ್ಜುಗಳು ಹೋಗುತ್ತವೆ. ಸ್ನಾಯುವಿಗೂ ಎಳೆಯಲು ಮಾತ್ರ ಬರುತ್ತದೆ. ಅದಕ್ಕೇ ಮಡಚಲು ಒಂದು ಕಡೆ, ಬಿಡಿಸಲು ಇನ್ನೊಂದು ಕಡೆ ಬೇರೆ ಬೇರೆ ಸ್ನಾಯು. ಬರೆಯುವುದು, ಹೆಣೆಯುವುದು, ವೀಣೆ ನುಡಿಸುವುದು ಎಲ್ಲವೂ ಈ ಎಳೆತಗಳ ಆಟವೇ.

ದಾರವೇ ಹೇಗೆ ದಾರ ಆಗುತ್ತದೆ ಅನ್ನುವುದೂ ಸೋಜಿಗ. ತೆಂಗಿನ ನಾರಿನ ಒಂದೊಂದು ಎಳೆ ಹೆಚ್ಚುಕಡಿಮೆ ಗೇಣುದ್ದ, ಅಷ್ಟೇ. ಅಂಟು ಹಾಕುವುದಿಲ್ಲ, ಗಂಟು ಹಾಕುವುದಿಲ್ಲ. ಆದರೂ ಅದರಿಂದ ನೂರು ಅಡಿ ಹಗ್ಗ ಬರುತ್ತದೆ. ನಾರನ್ನು ತಿರುಚಿದಾಗ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಎಳೆದಷ್ಟೂ ಸುತ್ತು ಬಿಗಿಯಾಗಿ ಎಳೆಗಳು ಇನ್ನೂ ಒತ್ತಿಕೊಳ್ಳುತ್ತವೆ, ಜಾರುವುದಿಲ್ಲ. ಆದರೆ ಕೈಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತದಲ್ಲ? ಅದಕ್ಕೆ ಎರಡು ಹುರಿಯನ್ನು ಒಂದೇ ದಿಕ್ಕಿಗೆ ಹೊಸೆದು, ಆಮೇಲೆ ಎರಡನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಈಗ ಪ್ರತಿ ಹುರಿಯೂ ಬಿಚ್ಚಿಕೊಳ್ಳಲು ನೋಡುತ್ತದೆ, ಆದರೆ ಅದು ಬಿಚ್ಚಿಕೊಳ್ಳಲು ತಿರುಗುವ ದಿಕ್ಕೇ ಇಡೀ ಹಗ್ಗವನ್ನು ಬಿಗಿ ಮಾಡುವ ದಿಕ್ಕು. ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಈ ಉಪಾಯ ಕಂಡುಹಿಡಿದವರು ಯಾರು ಅಂತ ಕೇಳಿದರೆ, ಬಹುಶಃ ನಮ್ಮಂಥ ಮನುಷ್ಯರೇ ಅಲ್ಲ. ಫ್ರಾನ್ಸಿನ ಅಬ್ರಿ ದು ಮಾರಾ ಎಂಬ ಬಂಡೆಯಾಸರೆಯಲ್ಲಿ ನಿಯಾಂಡರ್ತಾಲರು, ಅಂದರೆ ಈಗ ಅಳಿದುಹೋಗಿರುವ ಇನ್ನೊಂದು ಬಗೆಯ ಮಾನವರು, ಬಳಸಿದ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡ ಹುರಿಯ ತುಣುಕು ಸಿಕ್ಕಿದೆ. ಬರೀ 6 ಮಿಲಿಮೀಟರ್ ಉದ್ದ. 2020ರಲ್ಲಿ ಅದರ ವಿವರ ಪ್ರಕಟವಾಯಿತು. 40 ಸಾವಿರ ವರ್ಷಕ್ಕಿಂತ ಹಳೆಯದು. ಮರದ ತೊಗಟೆಯ ಒಳನಾರಿನ ಮೂರು ಎಳೆ, ಮೂರನ್ನೂ ಒಂದು ದಿಕ್ಕಿಗೆ ತಿರುಚಿ, ಆಮೇಲೆ ಒಟ್ಟಿಗೆ ಎದುರು ದಿಕ್ಕಿಗೆ ಹೊಸೆದದ್ದು. ಹಳ್ಳಿ ಮನೆ ಜಗಲಿಯಲ್ಲಿ ಅಜ್ಜ ತೊಡೆಯ ಮೇಲೆ ಕತ್ತಾಳೆ ನಾರು ಹೊಸೆಯುತ್ತಿದ್ದದ್ದು ಇದೇ ರೀತಿ. ಓದಿದ ದಿನ ನನಗೆ ಮೈ ಜುಮ್ಮೆಂದಿತ್ತು.

ನಾರನ್ನು ಹಿಡಿದಿಡುವ ಅದೇ ಉಜ್ಜಾಟ ಹಗ್ಗದ ಇನ್ನೊಂದು ಶಕ್ತಿಗೂ ಕಾರಣ. ಮನೆ ಪಕ್ಕದ ತೆಂಗಿನಮರ ಕಡಿಯುವುದನ್ನು ನೋಡಿದ್ದೀರಾ? ಮೇಲಿನ ತುಂಡನ್ನು ಹಗ್ಗಕ್ಕೆ ಕಟ್ಟಿ, ಆ ಹಗ್ಗವನ್ನು ಪಕ್ಕದ ಇನ್ನೊಂದು ಮರಕ್ಕೆ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಒಬ್ಬನೇ ಹಿಡಿದಿರುತ್ತಾನೆ. ಅಷ್ಟು ಭಾರದ ತುಂಡು ಮೆಲ್ಲಗೆ, ಅವನು ಬಿಟ್ಟಷ್ಟೇ ಇಳಿಯುತ್ತದೆ. ಇಲ್ಲಿ ಸುತ್ತುಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಹಗ್ಗ ಮತ್ತು ಮರದ ಉಜ್ಜುವಿಕೆಯ ಅಂಕೆ 0.3 ಅಂತ ಇಟ್ಟುಕೊಂಡರೆ, ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು ಭಾರ ತಡೆಯಬಹುದು. ಎರಡು ಸುತ್ತಿಗೆ ಹದಿಮೂರು ಪಟ್ಟಲ್ಲ, 43 ಪಟ್ಟು. ಮೂರು ಸುತ್ತಿಗೆ 280 ಪಟ್ಟು ದಾಟುತ್ತದೆ. ಅಂದರೆ 2 ಕೆಜಿ ಬಲ ಹಾಕಿ ಹಿಡಿದವನು 500 ಕೆಜಿ ತಡೆಯಬಲ್ಲ. ಗಂಟುಗಳು ನಿಲ್ಲುವುದೂ ಇದರಿಂದಲೇ. ಗಂಟು ಅಂದರೆ ಹಗ್ಗ ತನ್ನನ್ನೇ ಸುತ್ತಿಕೊಂಡದ್ದು.

ಗಂಟಿನಿಂದ ಲೆಕ್ಕವನ್ನೂ ಬರೆಯಬಹುದು. ದಕ್ಷಿಣ ಅಮೆರಿಕದ ಇಂಕಾ ರಾಜ್ಯದವರಿಗೆ ನಮ್ಮ ಹಾಗೆ ಲಿಪಿ ಇರಲಿಲ್ಲ. ಕ್ವಿಪು ಎಂಬ ದಾರದ ಗೊಂಚಲುಗಳಲ್ಲಿ ಲೆಕ್ಕ ಇಡುತ್ತಿದ್ದರು. ಒಂದು ದಪ್ಪ ದಾರ, ಅದರಿಂದ ಇಳಿಬಿದ್ದ ಹಲವು ದಾರ. 243 ಅಂತ ಬರೆಯಬೇಕಾದರೆ ಮೇಲೆ ಎರಡು ಗಂಟು, ಸ್ವಲ್ಪ ಕೆಳಗೆ ನಾಲ್ಕು ಗಂಟು, ಕೊನೆಯಲ್ಲಿ ಮೂರು ಸುತ್ತಿನ ಒಂದು ಉದ್ದ ಗಂಟು. ಸೊನ್ನೆಗೆ ಖಾಲಿ ಜಾಗ. ಇದನ್ನು ಲೆಲ್ಯಾಂಡ್ ಲಾಕ್ ಎಂಬ ಅಮೆರಿಕನ್ 1912ರಲ್ಲಿ ಬಿಡಿಸಿ ತೋರಿಸಿದರು. ನಮ್ಮಲ್ಲೂ ಮರೆಯಬಾರದು ಅಂತ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರಲ್ಲ. ಉಡುಪಿ ಮಲ್ಲಿಗೆಯ ವ್ಯಾಪಾರ ನಿಂತಿರುವುದೂ ಬಾಳೆನಾರಿನ ಮೇಲೆ. ಬಿಡಿ ಮೊಗ್ಗು ಎಣಿಸಿ ಮಾರಲು ಸಾಧ್ಯವೇ? ನಾರಿನಲ್ಲಿ ಕಟ್ಟಿದರೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಕಟ್ಟುವ ನಾರೇ ಅಳತೆಗೋಲೂ ಆಯಿತು.

ಚಿಕ್ಕಂದಿನಲ್ಲಿ ನಮ್ಮೂರ ಕಿರಾಣಿ ಅಂಗಡಿಯಲ್ಲಿ ಚಾವಣಿಯಿಂದ ದಾರದ ಉಂಡೆ ಇಳಿಬಿದ್ದಿರುತ್ತಿತ್ತು. ಅಂಗಡಿಯವರು ಸಕ್ಕರೆಯನ್ನು ಪೇಪರಿನಲ್ಲಿ ಕಟ್ಟಿ, ಆ ದಾರ ಎಳೆದು ನಾಲ್ಕು ಸುತ್ತು ಸುತ್ತಿ, ಬೆರಳಿಗೆ ಒಂದು ಕುಣಿಕೆ ಹಾಕಿ ಪಟ್ಟನೆ ಜಗ್ಗಿ ಹರಿಯುತ್ತಿದ್ದರು. ಕತ್ತರಿ ಇರಲಿಲ್ಲ. ಆ ಕುಣಿಕೆಯಲ್ಲಿ ದಾರದ ಮೇಲೆ ದಾರ ಅಡ್ಡ ಬಂದು, ದಾರವೇ ದಾರವನ್ನು ಕತ್ತರಿಸುತ್ತಿತ್ತು. ನಾನು ಎಷ್ಟೋ ಸಲ ಪ್ರಯತ್ನಪಟ್ಟು ಬೆರಳು ಕೊಯ್ದುಕೊಂಡಿದ್ದೇನೆ.

ಮಾರ್ಕಿಂಗ್ ಮುಗಿದ ಸಂಜೆ ಮೇಸ್ತ್ರಿ ದಾರವನ್ನೆಲ್ಲ ಕೋಲಿಗೆ ಸುತ್ತಿಕೊಂಡು, ಉಳಿದ ಒಂದು ತುಂಡನ್ನು ನನ್ನ ಕೈಗಿತ್ತರು. ಮನೆಗೆ ತಂದು ಅದಕ್ಕೊಂದು ಕಬ್ಬಿಣದ ನಟ್ಟು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿದೆ. ಮೊಳೆಯಿಂದ ನಟ್ಟಿನ ನಡುವಿನವರೆಗೆ 25 ಸೆಂಟಿಮೀಟರ್. ಮೆಲ್ಲಗೆ ತೂಗಿಬಿಟ್ಟರೆ ಹೋಗಿ ಬರಲು ಸರಿಯಾಗಿ ಒಂದು ಸೆಕೆಂಡು. ತಮ್ಮನ ಮಗಳು ಮೊಬೈಲ್ ಹಿಡಿದು ಅರವತ್ತು ಸಲ ಎಣಿಸಿ, ಒಂದು ನಿಮಿಷಕ್ಕೆ ಸರಿ ಹೋಯಿತು ಅಂತ ಕುಣಿದಳು. ನಟ್ಟು ಬದಲಿಸಿ ದೊಡ್ಡದು ಕಟ್ಟಿದೆವು. ಆಗಲೂ ಅಷ್ಟೇ. ಭಾರಕ್ಕೂ ಹೊತ್ತಿಗೂ ಸಂಬಂಧವಿಲ್ಲ, ದಾರದ ಉದ್ದಕ್ಕೆ ಮಾತ್ರ.

"ಎರಡು ಸೆಕೆಂಡು ಬೇಕಾದ್ರೆ ದಾರ ಡಬಲ್ ಮಾಡ್ಬೇಕಾ ದೊಡ್ಡಪ್ಪ?" ಅಂದಳು. ಮಾಡಿ ನೋಡು ಅಂದೆ. ಡಬಲ್ ಮಾಡಿದಳು, ಆಗಲಿಲ್ಲ. ಇನ್ನೂ ಉದ್ದ ಮಾಡುತ್ತಾ ಹೋಗಿ 1 ಮೀಟರಿಗೆ ನಿಂತಳು. ನಾಲ್ಕು ಪಟ್ಟು. ಮಾರನೇ ದಿನ ಮಹಡಿಯ ಕಟ್ಟೆಯಿಂದ 4 ಮೀಟರ್ ಇಳಿಬಿಟ್ಟೆವು, ನಾಲ್ಕು ಸೆಕೆಂಡು ಬಂತು. ಎಂಟಕ್ಕೆ 16 ಮೀಟರ್ ಬೇಕು ಅಂತ ಅವಳೇ ಲೆಕ್ಕ ಹಾಕಿದ್ದಾಳೆ. ಅಷ್ಟು ಎತ್ತರ ಎಲ್ಲಿದೆ ಅಂತ ಹುಡುಕುತ್ತಿದ್ದಾಳೆ. ಹಿತ್ತಲ ಉದ್ದನೆಯ ತೆಂಗಿನಮರದ ಮೇಲೆ ಕಣ್ಣು ಬಿದ್ದಿದೆ. ಕಾಯಿ ಕೀಳುವವರು ಬರುವುದು ಮುಂದಿನ ವಾರ.